ಎಳೆಯ ಕುದುರೆಗೆ ಬಾಡಿಗೆ ಲಾಯ: ಯಾವುದು ಒಗ್ಗುತ್ತದೆ, ಯಾವುದು ಬೇಡ

ಇಂಗ್ಲೆಂಡಿನಲ್ಲಿ ಕುದುರೆ ಇಟ್ಟುಕೊಂಡಿರುವ ಎಷ್ಟೋ ಮಂದಿಗೆ ಸ್ವಂತ ಲಾಯವಿಲ್ಲ, ಒಂದು ಗುಂಟೆ ಹುಲ್ಲುಗಾವಲೂ ಇಲ್ಲ. ಅವರು ಕುದುರೆಯನ್ನು ಲಿವರಿ ಯಾರ್ಡ್ ಎಂಬಲ್ಲಿ ಇಡುತ್ತಾರೆ. ಬಾಡಿಗೆ ಲಾಯ ಎಂದುಕೊಳ್ಳಿ. ವಾರಕ್ಕೆ ಇಷ್ಟು ಎಂದು ಕೊಟ್ಟರೆ ಮೇಯಲು ಜಾಗ ಸಿಗುತ್ತದೆ, ಇನ್ನಷ್ಟು ಕೊಟ್ಟರೆ ತಲೆಯ ಮೇಲೆ ಸೂರು, ಅದಕ್ಕೂ ಹೆಚ್ಚು ಕೊಟ್ಟರೆ ಲದ್ದಿ ಬಾಚುವವರೂ ಮೇವು ಹಾಕುವವರೂ ಸಿಗುತ್ತಾರೆ. ಹದಿನಾರು ತಿಂಗಳ ಹಿಂದೆ, ಅಕ್ಟೋಬರ್‌ನಲ್ಲಿ, ನಾವು ಮಗಳಿಗೆಂದು ಎರಡೂವರೆ ವರ್ಷದ ವೆಲ್ಷ್ ಕಾಬ್ ತಳಿಯ ಕುದುರೆಯೊಂದನ್ನು ಕೊಂಡೆವು. ಪಾಸ್‌ಪೋರ್ಟಿನಲ್ಲಿರುವ ಅವನ ವೆಲ್ಷ್ ಹೆಸರು ನಮ್ಮ ಮನೆಯಲ್ಲಿ ಯಾರ ನಾಲಗೆಗೂ ಹೊರಳದು. ಮೈಬಣ್ಣ ನೋಡಿ ಕೆಂದ ಎಂದು ಕರೆದೆವು. ಈಗ ಅದಕ್ಕೇ ಕಿವಿ ನಿಮಿರಿಸುತ್ತಾನೆ. (ಕುದುರೆಗೂ ಪಾಸ್‌ಪೋರ್ಟೇ ಎಂದು ಊರಿನಲ್ಲಿ ನಗುತ್ತಾರೆ. ಇಲ್ಲಿ ಪ್ರತಿ ಕುದುರೆಗೂ ಅದು ಕಡ್ಡಾಯ. 2020ರ ಅಕ್ಟೋಬರ್ 1ರಿಂದ ಮೈಯೊಳಗೆ ಮೈಕ್ರೋಚಿಪ್ಪೂ ಇರಲೇಬೇಕು.)

ಮೊದಲ ಲಾಯವನ್ನು ನಾವು ಮದುವೆ ಛತ್ರ ಗೊತ್ತುಮಾಡುವಂತೆ ಗೊತ್ತುಮಾಡಿದೆವು: ಚೊಕ್ಕಟವಾಗಿದೆಯೇ, ಕಾರು ನಿಲ್ಲಿಸಲು ಜಾಗವಿದೆಯೇ, ಮನೆಗೆ ಹತ್ತಿರವೇ. ಎಡವಿದ್ದು ತಿಳಿಯಲು ನವೆಂಬರ್ ಬರಬೇಕಾಯಿತು. ಪೋನಿ ಪಾಠದಿಂದ ಆರಂಭಿಸಿ ಈಗ ‘ಸ್ವಂತದ್ದೊಂದು ಬೇಕು’ ಎಂಬ ಹಟಕ್ಕೆ ಬಂದಿರುವ ಮಕ್ಕಳು ನಮ್ಮ ಕನ್ನಡದ ಮನೆಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರ ತಂದೆತಾಯಿಯರು ಫೋನಿನಲ್ಲಿ ಕೇಳುವ ಪ್ರಶ್ನೆಗಳಿಗೆಲ್ಲ ಇಲ್ಲಿ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ.

ಎಳೆಯದಕ್ಕೆ ಏನು ಬೇಕು

ಹತ್ತು ವರ್ಷದ ಪಳಗಿದ ಕುದುರೆಗೆ ಲಾಯ ಹುಡುಕುವವರು ಸವಾರಿಯ ಅನುಕೂಲ ನೋಡುತ್ತಾರೆ. ಮರಳು ಹಾಸಿದ ಅಂಕಣವಿದೆಯೇ, ಅದಕ್ಕೆ ದೀಪವಿದೆಯೇ, ಜೀನು ಇಡಲು ಬೀಗ ಹಾಕುವ ಕೋಣೆಯಿದೆಯೇ ಎಂದು ವಿಚಾರಿಸುತ್ತಾರೆ. ಅವರಿಗೆ ಅದು ಸರಿ. ಆದರೆ ಎರಡು ಮೂರು ವರ್ಷದ ಕುದುರೆ ಇನ್ನೂ ಹಾಲುಹಲ್ಲು ಉದುರಿಸುತ್ತಿರುತ್ತದೆ: ಮುಂಭಾಗದ ಹಲ್ಲುಗಳು ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಗಳ ಆಸುಪಾಸಿನಲ್ಲಿ ಜೋಡಿ ಜೋಡಿಯಾಗಿ ಬದಲಾಗುತ್ತವೆ. ಬೆನ್ನೆಲುಬಿನ ಬೆಳವಣಿಗೆ ಮುಗಿಯುವುದು ಐದಾರು ವರ್ಷಕ್ಕೆ. ಆದ್ದರಿಂದಲೇ ತಿಳಿದವರು ಮೂರು ಅಥವಾ ನಾಲ್ಕನೆಯ ವರ್ಷದಲ್ಲಿ ಬೆನ್ನಿಗೆ ಜೀನು ಹಾಕಿದರೂ ಕೆಲಸವನ್ನು ಹಗುರವಾಗಿಯೇ ಇಡುತ್ತಾರೆ. ಬೆನ್ನ ಮೇಲೆ ಯಾರನ್ನೂ ಕೂರಿಸದ ಪ್ರಾಣಿಯ ಹೆಸರಿನಲ್ಲಿ ದೀಪದ ಅಂಕಣಕ್ಕೆ ನಾವು ಐದು ತಿಂಗಳು ಬಾಡಿಗೆ ಕಟ್ಟಿದೆವು.

ನಾನು ಕುಣಿಗಲ್ ಸೀಮೆಯವಳು. ಟಿಪ್ಪುವಿನ ದಂಡಿಗೆ ಕುದುರೆ ಒದಗಿಸುತ್ತಿತ್ತೆಂದು ಹೆಸರಾದ ಅಲ್ಲಿನ ಕುದುರೆ ಫಾರಂನ ಬೇಲಿಯಾಚೆ ಮರಿಗಳು ಹಿಂಡುಗಟ್ಟಿ ಒಂದನ್ನೊಂದು ಅಟ್ಟಿಕೊಂಡು ಓಡುವುದನ್ನು ಚಿಕ್ಕಂದಿನಲ್ಲಿ ಎಷ್ಟು ಸಲ ನೋಡಿದ್ದೇನೋ. ಕಣ್ಣೆದುರು ಕಂಡದ್ದು ಲಾಯ ಹುಡುಕುವಾಗ ನೆನಪಿಗೆ ಬರಲಿಲ್ಲ. ಎಳೆಯ ಕುದುರೆಗೆ ಬೇಕಾದದ್ದು ಮುಖ್ಯವಾಗಿ ಅದೇ: ಓಡಲು ಬಯಲು, ಜೊತೆಗೆ ಒಂದಿಷ್ಟು ಕುದುರೆಗಳು, ದಿನವಿಡೀ ಬಾಯಾಡಿಸಲು ಹುಲ್ಲು. ಇದರ ಮೇಲೆ ಇನ್ನೊಂದು ಉಂಟು. ದಿನಕ್ಕೆರಡು ಸಲ ಅದನ್ನು ಕಣ್ಣಿಟ್ಟು ನೋಡಿ, ‘ಇವತ್ತು ಯಾಕೋ ಮಂಕಾಗಿದೆ’ ಎಂದು ಗುರುತಿಸಬಲ್ಲ ಒಬ್ಬ ಮನುಷ್ಯ. ಲಾಯಗಳನ್ನು ಹೋಲಿಸುವಾಗ ನಾನು ಈಗ ಮೊದಲು ಕೇಳುವುದು ಇವುಗಳನ್ನೇ.

ಬಗೆಗಳು ಮತ್ತು ಬೆಲೆ

ಇಲ್ಲಿ ಕೊಡುವ ಬೆಲೆ ಮಿಡ್‌ಲ್ಯಾಂಡ್ಸ್ ಸೀಮೆಯಲ್ಲಿ ನಾನು ವಿಚಾರಿಸಿದ ಲಾಯಗಳದ್ದು. ಲಂಡನ್ನಿನ ಸುತ್ತ ಇದಕ್ಕಿಂತ ಹೆಚ್ಚು.

ಗ್ರಾಸ್ ಲಿವರಿ ಎಂದರೆ ಹುಲ್ಲುಗಾವಲು ಮಾತ್ರ. ಕುದುರೆ ಹಗಲೂ ರಾತ್ರಿಯೂ ಬಯಲಲ್ಲೇ ಇರುತ್ತದೆ. ಮಳೆಗಾಳಿಗೆ ಮರೆಯಾಗಿ ಮೂರು ಗೋಡೆಯ ಕೊಟ್ಟಿಗೆಯೋ ದಟ್ಟ ಬೇಲಿಯೋ ಇರುತ್ತದೆ. ವಾರಕ್ಕೆ 25ರಿಂದ 40 ಪೌಂಡ್. ಡಿಐವೈ ಎಂದರೆ ಲಾಯವೂ ಬಯಲೂ ಅವರದು, ಚಾಕರಿಯೆಲ್ಲ ನಿಮ್ಮದು. 30ರಿಂದ 50 ಪೌಂಡ್, ಹುಲ್ಲು ಮತ್ತು ಲಾಯದ ಹಾಸಿನ ಖರ್ಚು ಬೇರೆ. ಪಾರ್ಟ್ ಲಿವರಿಯಲ್ಲಿ ವಾರದ ದಿನಗಳ ಕೆಲಸವನ್ನು ಅವರು ಮಾಡಿ ವಾರಾಂತ್ಯವನ್ನು ನಿಮಗೆ ಬಿಡುತ್ತಾರೆ, 80ರಿಂದ 120. ಫುಲ್ ಲಿವರಿಯಲ್ಲಿ ಎಲ್ಲವೂ ಅವರದೇ. 150ರಿಂದ ಮೇಲಕ್ಕೆ ಎಷ್ಟಾದರೂ. ಹೇಳಿದ ಬೆಲೆಗೆ ವ್ಯಾಟ್ ಸೇರಿದೆಯೇ ಎಂದು ಕೇಳಿಕೊಳ್ಳಿ. ನಾವು ಕೇಳಿರಲಿಲ್ಲ, ಮೊದಲ ಬಿಲ್ಲಿನಲ್ಲಿ ಶೇಕಡಾ 20 ಹೆಚ್ಚಿಗೆ ಕಾಣಿಸಿತು.

ವರ್ಕಿಂಗ್ ಲಿವರಿ ಎಂಬುದೊಂದಿದೆ. ಸವಾರಿ ಶಾಲೆಯವರು ನಿಮ್ಮ ಕುದುರೆಯನ್ನು ಪಾಠಕ್ಕೆ ಬಳಸಿಕೊಂಡು ಬಾಡಿಗೆಯಲ್ಲಿ ಕಡಿತ ಕೊಡುತ್ತಾರೆ. ಎಳೆಯ ಕುದುರೆಗೆ ಅದು ಖಂಡಿತ ಬೇಡ. ಹೆಚ್ಚು ಹೇಳುವ ಅಗತ್ಯವಿಲ್ಲ. ಕೊನೆಯದು ಸ್ಕೂಲಿಂಗ್ ಲಿವರಿ: ತರಬೇತುದಾರರ ಲಾಯದಲ್ಲಿ ಕೆಲವು ವಾರ ಬಿಟ್ಟು ಜೀನು, ಕಡಿವಾಣ, ಸವಾರ ಎಲ್ಲಕ್ಕೂ ರೂಢಿ ಮಾಡಿಸುವುದು. ಅದು ಗುರುಕುಲವಿದ್ದಂತೆ, ಹೋಗಿ ಕಲಿತು ಹಿಂದಿರುಗುವ ಜಾಗ, ವಾಸಕ್ಕಲ್ಲ.

ಚಳಿಗಾಲದ ಪ್ರಶ್ನೆ

ಬೇಸಿಗೆಯಲ್ಲಿ ಇಲ್ಲಿನ ಯಾವ ಲಾಯ ನೋಡಿದರೂ ಮನಸ್ಸು ಸೋಲುತ್ತದೆ. ಹಸಿರು ಇಳಿಜಾರು, ಬಿಳಿ ಬೇಲಿ, ರಾತ್ರಿ ಒಂಬತ್ತಕ್ಕೂ ಬೆಳಕು. ಲಾಯ ನೋಡಲು ಜೂನ್‌ನಲ್ಲಿ ಹೋಗಬೇಡಿ, ಫೆಬ್ರವರಿಯಲ್ಲಿ ಹೋಗಿ. ಗದ್ದೆ ನಾಟಿಗೆ ಕೆಸರು ಮಾಡಿದಂತೆ ಗೇಟಿನ ಬಳಿ ಮೊಣಕಾಲುದ್ದ ಕೆಸರು ಕಂಡರೆ ಆ ನೆಲ ಇಷ್ಟು ಕುದುರೆಗಳನ್ನು ಹೊರಲಾರದು ಎಂದರ್ಥ. ನಮ್ಮ ಸೀಮೆಯದು ಜೇಡಿಮಣ್ಣು. ನವೆಂಬರ್ ಮಳೆಗೆ ನೀರು ನಿಂತರೆ ಮಾರ್ಚ್‌ವರೆಗೂ ಬಸಿಯುವುದಿಲ್ಲ. ಇಂಥ ನೆಲವಿರುವ ಅನೇಕ ಲಾಯಗಳು ಹುಲ್ಲು ಉಳಿಸಿಕೊಳ್ಳಲು ಚಳಿಗಾಲದಲ್ಲಿ ಬಯಲಿನ ಗೇಟಿಗೆ ಬೀಗ ಹಾಕುತ್ತವೆ.

ನಮ್ಮ ಮೊದಲ ಲಾಯದಲ್ಲಿ ಆದದ್ದು ಇದೇ. ಅಲ್ಲಿನವರನ್ನು ಪೂರ್ತಿ ದೂರುವಂತಿಲ್ಲ. ಕರಾರಿನಲ್ಲಿ ‘ನೆಲದ ಸ್ಥಿತಿ ಒಪ್ಪಿದರೆ ದಿನವೂ ಬಯಲಿಗೆ ಬಿಡಲಾಗುವುದು’ ಎಂದಿತ್ತು. ನಾವು ‘ದಿನವೂ’ ಎಂಬುದನ್ನು ಓದಿದೆವು, ‘ಒಪ್ಪಿದರೆ’ ಎಂಬುದನ್ನು ಓದಲಿಲ್ಲ. ನವೆಂಬರ್ ನಡುವಿನಿಂದ ಕೆಂದ ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಕೋಣೆಯಲ್ಲಿ ದಿನಕ್ಕೆ ಇಪ್ಪತ್ಮೂರು ಗಂಟೆ ನಿಂತ. ಅಳತೆಯಲ್ಲಿ ಕೊರತೆಯಿಲ್ಲ, ಬ್ರಿಟಿಷ್ ಹಾರ್ಸ್ ಸೊಸೈಟಿ ಕುದುರೆಗೆ ಹೇಳುವ ಅಳತೆಯೇ ಅದು. ಉಳಿದ ಒಂದು ಗಂಟೆ ಮರಳಿನ ಅಂಕಣದಲ್ಲಿ ಒಬ್ಬನೇ ತಿರುಗಾಡುತ್ತಿದ್ದ. ಕ್ರಿಸ್‌ಮಸ್ ಹೊತ್ತಿಗೆ ಬಾಗಿಲಿನ ಮರ ಕಚ್ಚುವುದನ್ನು ಕಲಿತ, ಬಾಗಿಲಲ್ಲಿ ನಿಂತು ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಲೋಲಕದಂತೆ ತೂಗುವುದನ್ನು ಕಲಿತ. ಹೊರಗೆ ಕರೆದೊಯ್ಯಲು ಹಗ್ಗ ಹಿಡಿದರೆ ಎರಡು ಕಾಲಿನ ಮೇಲೆ ನಿಲ್ಲುತ್ತಿದ್ದ. ಮಗಳ ಅಂಗೈ ಹಗ್ಗ ಉಜ್ಜಿ ಸುಲಿದುಹೋದ ದಿನ ಬೇರೆ ಲಾಯ ಹುಡುಕಲು ಕುಳಿತೆವು. ‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ನಮ್ಮ ಮನೆಯಲ್ಲಿ ‘ಅಂಗೈನೋವು’ ಎಂದಾಯಿತು.

ಹಾಗಾಗಿ ಎಲ್ಲಿಗೆ ಹೋದರೂ ಕೇಳಬೇಕಾದ ಪ್ರಶ್ನೆ ‘ಬಯಲಿಗೆ ಬಿಡುತ್ತೀರಾ’ ಎಂಬುದಲ್ಲ. ‘ಕಳೆದ ಜನವರಿಯಲ್ಲಿ ಎಷ್ಟು ದಿನ ಬಿಟ್ಟಿರಿ, ದಿನಕ್ಕೆ ಎಷ್ಟು ಗಂಟೆ’ ಎಂದು ಕೇಳಿ. ಆಮೇಲೆ ಅಲ್ಲಿ ಕುದುರೆ ಇಟ್ಟಿರುವ ಯಾರಾದರೂ ಒಬ್ಬರನ್ನು ಕಾರು ನಿಲ್ಲಿಸುವ ಕಡೆ ಹಿಡಿದು ಅದೇ ಪ್ರಶ್ನೆ ಕೇಳಿ. ಎರಡು ಉತ್ತರಗಳೂ ಒಂದೇ ಆಗಿದ್ದರೆ ಒಳ್ಳೆಯ ಲಕ್ಷಣ. ಜೊತೆಗೆ ಒಂದು ಭಾಗಾಕಾರ ಮಾಡಿ: ಮೇಯುವ ಎಕರೆಗಳು ಎಷ್ಟು, ಕುದುರೆಗಳು ಎಷ್ಟು. ಬ್ರಿಟಿಷ್ ಹಾರ್ಸ್ ಸೊಸೈಟಿ ಕುದುರೆಗೆ ಒಂದರಿಂದ ಒಂದೂವರೆ ಎಕರೆ ಎನ್ನುತ್ತದೆ. ನಾವು ನೋಡಿದ ಒಂದು ಲಾಯದಲ್ಲಿ 14 ಎಕರೆಗೆ 31 ಕುದುರೆಗಳಿದ್ದವು. ಮಾಲೀಕರು ತುಂಬ ಸಜ್ಜನರು. ಆದರೆ ಸಜ್ಜನಿಕೆಯಿಂದ ಹುಲ್ಲು ಬೆಳೆಯುವುದಿಲ್ಲ.

ಯಾರ ಜೊತೆ ಇರುತ್ತದೆ

ಈಗೀಗ ಬಯಲನ್ನು ವಿದ್ಯುತ್ ಪಟ್ಟಿಯಿಂದ ಸಣ್ಣ ಸಣ್ಣ ಚೌಕ ಮಾಡಿ ಚೌಕಕ್ಕೊಂದು ಕುದುರೆ ಬಿಡುವ ಲಾಯಗಳು ಹೆಚ್ಚುತ್ತಿವೆ. ಒದ್ದಾಟವಿಲ್ಲ, ಗಾಯವಿಲ್ಲ, ಮಾಲೀಕರ ನಡುವೆ ಜಗಳವಿಲ್ಲ. ಬೆಲೆಬಾಳುವ ಸ್ಪರ್ಧೆಯ ಕುದುರೆಗೆ ಅದು ಇರಲಿ. ಎಳೆಯದಕ್ಕೆ ನಾನು ಒಪ್ಪುವುದಿಲ್ಲ. ಕಚ್ಚಬಾರದು, ಮೈಮೇಲೆ ಬೀಳಬಾರದು, ಹಿರಿಯರ ಮೇವಿಗೆ ಮೂತಿ ಹಾಕಬಾರದು ಎಂಬುದನ್ನು ಮನುಷ್ಯರು ತಿಂಗಳುಗಟ್ಟಲೆ ಹೇಳಿದರೂ ಕಲಿಸಲಾಗದು. ಹಿಂಡಿನಲ್ಲಿ ಒಂದು ಬೆಳಗ್ಗೆಯಲ್ಲಿ ಕಲಿಯುತ್ತದೆ. ಎರಡನೆಯ ಲಾಯಕ್ಕೆ ಬಂದಾಗ ಕೆಂದ ಇಪ್ಪತ್ತೆರಡು ವರ್ಷದ ಮುದಿ ಕುದುರೆಯೊಂದರ ಹುಲ್ಲಿನ ರಾಶಿಗೆ ಸೀದಾ ಬಾಯಿ ಹಾಕಿದ. ಮುದುಕ ಮೊದಲು ಕಿವಿಗಳನ್ನು ಹಿಂದಕ್ಕೆ ಮಡಚಿದ. ಕೆಂದನಿಗೆ ಅರ್ಥವಾಗಲಿಲ್ಲ. ಆಮೇಲೆ ಹಲ್ಲು ತೋರಿಸಿದ, ಆಗಲೂ ಇಲ್ಲ. ಮೂರನೆಯ ಸಲ ಹಿಂಗಾಲು ಎತ್ತಿ ಪಕ್ಕೆಗೆ ಒಂದು ಕೊಟ್ಟ. ಈಗ ಮುದುಕ ಕಿವಿ ಅಲ್ಲಾಡಿಸಿದರೆ ಸಾಕು, ಕೆಂದ ನಾಲ್ಕು ಹೆಜ್ಜೆ ಹಿಂದೆ.

ಆ ಒದೆತದಿಂದ ಕೂದಲು ಮಾತ್ರ ಹೋಯಿತು, ಮೂಳೆ ಮುರಿಯಲಿಲ್ಲ. ಕಾರಣವಿದೆ: ಹಿಂಡಿನಲ್ಲಿ ಬಿಡುವ ಕುದುರೆಗಳ ಹಿಂಗಾಲಿಗೆ ಲಾಳ ಇರಬಾರದು ಎಂಬುದು ಆ ಲಾಯದ ನಿಯಮ. ನಿಮ್ಮ ಕಡೆಯೂ ಹೀಗಿದೆಯೇ ಕೇಳಿ. ಹೆಣ್ಣು ಗಂಡುಗಳನ್ನು ಬೇರೆ ಬೇರೆ ಬಿಡುತ್ತಾರೆಯೇ, ಹೊಸದನ್ನು ಕೆಲವು ದಿನ ಬೇಲಿಯ ಈಚೆಯಿಂದ ಪರಿಚಯ ಮಾಡಿಸಿ ಆಮೇಲೆ ಒಳಗೆ ಬಿಡುತ್ತಾರೆಯೇ ಎಂದೂ ಕೇಳಿ. ಆಟಕ್ಕೆ ಒಂದೆರಡು ಸಮವಯಸ್ಸಿನವೂ, ಹದ್ದುಬಸ್ತಿಗೆ ಒಂದು ಹಿರಿಯ ಕುದುರೆಯೂ ಇರುವ ಹಿಂಡು ಸಿಕ್ಕರೆ ಉಳಿದ ಕೊರತೆಗಳನ್ನು ನಾನು ನುಂಗಿಕೊಳ್ಳುತ್ತೇನೆ. ತಿಂಗಳಿಗೊಂದು ಕುದುರೆ ಬಂದು ಇನ್ನೊಂದು ಹೋಗುತ್ತಿರುವ ಲಾಯದಲ್ಲಿ ಇಂಥ ಹಿಂಡು ಕಟ್ಟಿಕೊಳ್ಳುವುದಿಲ್ಲ.

ಬಯಲಿನ ಅಂಚಿನಲ್ಲಿ ಒಂದು ಸುತ್ತು ನಡೆಯದೆ ಬರಬೇಡಿ. ಮುಳ್ಳುತಂತಿಯ ಬೇಲಿ ಇದ್ದರೆ ಅಲ್ಲಿಗೇ ಬಿಡಿ. ಸಿಕಮೋರ್ ಮರವಿದ್ದರೆ ಶರತ್ಕಾಲದಲ್ಲಿ ಅದರ ರೆಕ್ಕೆಯುಳ್ಳ ಬೀಜ, ವಸಂತದಲ್ಲಿ ಅದರ ಸಸಿ, ಎರಡೂ ಕುದುರೆಗೆ ವಿಷ. ಸ್ನಾಯುಗಳನ್ನೇ ಕರಗಿಸುವ ಆ ಕಾಯಿಲೆ ಬಂದವುಗಳಲ್ಲಿ ಸಾಯುವವೇ ಹೆಚ್ಚು, ಬೀಳುವುದು ಎಳೆಯವೇ ಹೆಚ್ಚು. ಹಳದಿ ಹೂವಿನ ರ‍್ಯಾಗ್‌ವರ್ಟ್ ಗಿಡ ಯಕೃತ್ತನ್ನು ನಿಧಾನವಾಗಿ ಹಾಳುಮಾಡುತ್ತದೆ. ಹಸಿಯಾಗಿದ್ದಾಗ ಕಹಿಯೆಂದು ಕುದುರೆಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಣಹುಲ್ಲಿನಲ್ಲಿ ಸೇರಿಬಿಟ್ಟರೆ ಕಹಿ ಹೋಗಿರುತ್ತದೆ, ವಿಷ ಹೋಗಿರುವುದಿಲ್ಲ.

ಮೇವಿನ ವಿಷಯದಲ್ಲಿ ನಮ್ಮವರು ಎಡವುವುದು ಪ್ರೀತಿ ಹೆಚ್ಚಾಗಿ. ಊರಿನಿಂದ ಬಂದಿದ್ದ ನನ್ನ ಅಮ್ಮ, ‘ಹುರುಳಿ ಬೇಯಿಸಿ ಹಾಕದೆ ಎಂಥ ಕುದುರೆ ಸಾಕಣೆಯೇ ಇದು’ ಎಂದು ಬೇಸರಪಟ್ಟರು. ವೆಲ್ಷ್ ಗುಡ್ಡಗಳಲ್ಲಿ ಒರಟು ಹುಲ್ಲು ತಿಂದು ಬೆಳೆದ ತಳಿಗೆ ಅಂಥ ಮೇವಿನ ಅಗತ್ಯವಿಲ್ಲ. ಸಕ್ಕರೆ ತುಂಬಿದ ವಸಂತದ ಹುಲ್ಲೇ ಅದರ ಗೊರಸಿಗೆ ಉರಿಯೂತ ತರಬಲ್ಲದು. ಅದರ ಬದಲು ನಾರು ಬೇಕು: 400 ಕಿಲೋ ತೂಗುವ ಕುದುರೆಗೆ ದಿನಕ್ಕೆ ಕನಿಷ್ಠ 6 ಕಿಲೋ ಒಣ ಮೇವು. ಮೊದಲೇ ಹುಲ್ಲಿನ ಕಂತೆ ಎಣಿಸಿ ಕೊಡುವ ಲಾಯವಾದರೆ ಎಷ್ಟು ತೂಕವೆಂದು ಕೇಳಿ.

ರೋಗ, ಹುಳು, ಹೊಸಬರು

ಒಂದು ಲಾಯದ ಶಿಸ್ತು ತಿಳಿಯಲು ನಾನು ಕೇಳುವ ಪ್ರಶ್ನೆ ಇದು: ‘ನಮ್ಮ ಕುದುರೆ ಬಂದ ದಿನ ಅದನ್ನು ಎಲ್ಲಿ ಇಡುತ್ತೀರಿ?’ ‘ಸೀದಾ ಬಯಲಿಗೆ ಬಿಡಿ, ಹೊಂದಿಕೊಳ್ಳುತ್ತವೆ’ ಎಂದರೆ ನಾಳೆ ಬರುವ ಮತ್ತೊಂದನ್ನೂ ಹಾಗೆಯೇ ಬಿಡುತ್ತಾರೆ. ಸ್ಟ್ರ್ಯಾಂಗಲ್ಸ್ ಎಂಬ ಗಂಟಲುಗಡ್ಡೆಯ ರೋಗ ಇಲ್ಲಿ ಸಾಮಾನ್ಯ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಎರಡು ವಾರ ಹಿಡಿಯಬಹುದು. ವಾಸಿಯಾದಂತೆ ಕಂಡ ಕುದುರೆಯೂ ಒಳಗೇ ರೋಗಾಣು ಹೊತ್ತು ಹಂಚುತ್ತಿರಬಹುದು. ಆದ್ದರಿಂದ ಒಳ್ಳೆಯ ಲಾಯಗಳು ಹೊಸ ಕುದುರೆಯನ್ನು ಎರಡು ಮೂರು ವಾರ ಪ್ರತ್ಯೇಕವಾಗಿಟ್ಟು, ಬಕೆಟ್ಟನ್ನೂ ಬ್ರಷ್ಷನ್ನೂ ಬೇರೆಯಾಗಿಡುತ್ತವೆ. ಕೆಲವು ರಕ್ತಪರೀಕ್ಷೆಯನ್ನೂ ಕೇಳುತ್ತವೆ. ಕಿರಿಕಿರಿ ಎನಿಸುತ್ತದೆ, ನಿಜ. 2019ರ ಫೆಬ್ರವರಿಯಲ್ಲಿ ಕುದುರೆಗಳ ಇನ್‌ಫ್ಲುಯೆಂಜಾದಿಂದಾಗಿ ಬ್ರಿಟನ್ನಿನ ಕುದುರೆ ಪಂದ್ಯಗಳನ್ನೇ ಆರು ದಿನ ನಿಲ್ಲಿಸಿದ್ದರು ಎಂಬುದನ್ನು ನೆನೆದರೆ ಕಿರಿಕಿರಿ ಕಡಿಮೆಯಾಗುತ್ತದೆ.

ಹೊಟ್ಟೆಹುಳುವಿನ ಬಾಧೆಯೂ ಎಳೆಯವಕ್ಕೇ ಹೆಚ್ಚು. ಸಣ್ಣ ಕೆಂಪುಹುಳುವಿನ ಮರಿಗಳು ಚಳಿಗಾಲವಿಡೀ ಕರುಳಿನ ಗೋಡೆಯಲ್ಲಿ ಅಡಗಿದ್ದು, ಚಳಿ ಮುಗಿಯುವ ಹೊತ್ತಿಗೆ ಒಮ್ಮೆಲೇ ಹೊರಬೀಳುತ್ತವೆ. ಅಡಗಿರುವಾಗ ಲದ್ದಿಯ ಪರೀಕ್ಷೆಯಲ್ಲಿ ಅವು ಕಾಣುವುದಿಲ್ಲ. ಲದ್ದಿಯನ್ನು ಬಯಲಿನಿಂದ ವಾರಕ್ಕೆ ಎರಡು ಸಲವಾದರೂ ಎತ್ತುತ್ತಾರೆಯೇ, ಔಷಧಿಯನ್ನು ಎಲ್ಲ ಕುದುರೆಗಳಿಗೂ ವೈದ್ಯರ ಮಾತಿನಂತೆ ಒಟ್ಟಿಗೆ ಕೊಡುತ್ತಾರೆಯೇ ಎಂಬುದು ಮುಖ್ಯ. ನೀವೊಬ್ಬರೇ ಕೊಟ್ಟು ಪಕ್ಕದವರು ಕೊಡದಿದ್ದರೆ ಹಣ ದಂಡ.

ಕಣ್ಣಿಡುವ ಮನುಷ್ಯ

ಇಂಗ್ಲೆಂಡಿನಲ್ಲಿ ಸವಾರಿ ಶಾಲೆ ನಡೆಸಲು ಪರವಾನಗಿ ಬೇಕು, ಬಾಡಿಗೆ ಲಾಯ ನಡೆಸಲು ಬೇಡ. ಎರಡು ಎಕರೆಯೂ ಒಂದು ಕೊಟ್ಟಿಗೆಯೂ ಇದ್ದವರು ಯಾರೂ ಫಲಕ ತೂಗುಹಾಕಬಹುದು. ಬ್ರಿಟಿಷ್ ಹಾರ್ಸ್ ಸೊಸೈಟಿ ತಪಾಸಣೆ ಮಾಡಿ ಮನ್ನಣೆ ಕೊಡುತ್ತದೆ, ಆದರೆ ಅದು ಬಯಸಿ ಪಡೆಯುವಂಥದ್ದು, ಕಡ್ಡಾಯವಲ್ಲ. ಮನ್ನಣೆಯಿಲ್ಲದ ಒಳ್ಳೆಯ ಲಾಯಗಳೂ ಇವೆ. ನಮ್ಮ ಈಗಿನದು ಅಂಥದ್ದೇ. ಆದ್ದರಿಂದ ನೀವೇ ಪರೀಕ್ಷಿಸಬೇಕು. ರಾತ್ರಿ ಆವರಣದಲ್ಲಿ ಯಾರಾದರೂ ವಾಸವಿರುತ್ತಾರೆಯೇ? ಹೊಟ್ಟೆನೋವು ಬಂದ ಕುದುರೆ ನೆಲದಲ್ಲಿ ಹೊರಳಾಡುತ್ತಿದ್ದರೆ ನಿಮಗಾಗಿ ಕಾಯದೆ ವೈದ್ಯರನ್ನು ಕರೆಯುತ್ತಾರೆಯೇ? ಹಗ್ಗ ಹಿಡಿದು ಕುದುರೆ ನಡೆಸುವವರು ಎಷ್ಟು ಮಂದಿ? ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ಎಳೆಯ ಕುದುರೆಯನ್ನು ದಿನಕ್ಕೊಬ್ಬರು ಹಿಡಿದರೆ ದಿನಕ್ಕೊಂದು ಪಾಠವಾಗುತ್ತದೆ: ಒಬ್ಬರು ಜೇಬಿನಿಂದ ಕ್ಯಾರೆಟ್ ಕೊಟ್ಟು ಕಚ್ಚಲು ಕಲಿಸುತ್ತಾರೆ, ಇನ್ನೊಬ್ಬರು ಕಚ್ಚಿದ್ದಕ್ಕೆ ಹೊಡೆಯುತ್ತಾರೆ.

ಇಲ್ಲಿ ಫುಲ್ ಲಿವರಿಗೆ ಒಂದು ಮಾತು ಪರವಾಗಿ ಹೇಳಲೇಬೇಕು. ಅನುಭವಿ ಕೆಲಸಗಾರ್ತಿಯೊಬ್ಬಳೇ ನೋಡಿಕೊಳ್ಳುವ, ವರ್ಷವಿಡೀ ಬಯಲೂ ಇರುವ ಫುಲ್ ಲಿವರಿ ಸಿಕ್ಕಿ, ಅದನ್ನು ಭರಿಸುವ ಶಕ್ತಿ ನಿಮಗಿದ್ದರೆ, ಮೊದಲ ಬಾರಿ ಕುದುರೆ ಸಾಕುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ನಾವು ಸೋತದ್ದು ಫುಲ್ ಲಿವರಿಯಿಂದಲ್ಲ, ಬೀಗ ಹಾಕಿದ ಗೇಟಿನಿಂದ. ಡಿಐವೈ ಅಗ್ಗವೆಂದು ಹಾರಬೇಡಿ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಕೆಲಸಕ್ಕೆ ಹೋಗುವವರು ಬೆಳಗ್ಗೆಯೂ ಸಂಜೆಯೂ ಕತ್ತಲಲ್ಲೇ, ತಲೆಗೆ ಟಾರ್ಚು ಕಟ್ಟಿಕೊಂಡು ಎಳೆಯ ಕುದುರೆಯನ್ನು ನೋಡಬೇಕು. ಕಾಲಿನ ಸಣ್ಣ ಗಾಯ ಆ ಬೆಳಕಿನಲ್ಲಿ ತಪ್ಪಿಹೋಗುತ್ತದೆ. ಮನೆಯಲ್ಲಿ ಅನುಭವಿಗಳಿದ್ದರೆ, ಅಥವಾ ಬೆಳಗಿನ ಪಾಳಿಯನ್ನು ಕಾಸು ಪಡೆದು ಮಾಡಿಕೊಡುವವರಿದ್ದರೆ ಮಾತ್ರ ಅದು. ಗ್ರಾಸ್ ಲಿವರಿಯಲ್ಲೂ ‘ದಿನಕ್ಕೆರಡು ಸಲ ನಾವು ನೋಡುತ್ತೇವೆ’ ಎಂಬ ಮಾತು ಕರಾರಿನಲ್ಲಿರಬೇಕು. ನಾವು ಈಗ ಇರುವುದು ಹಾಗೆ: ವಾರಕ್ಕೆ 38 ಪೌಂಡ್, ಹನ್ನೊಂದು ಕುದುರೆ, ಬಸಿಯುವ ಮರಳುಮಣ್ಣಿನ ಇಳಿಜಾರು, ಅಂಕಣವಿಲ್ಲ, ಶೌಚಾಲಯ ಎಂದು ಕರೆಯಬಹುದಾದ್ದೊಂದು ಇದೆ. ಮನೆಯಿಂದ ಇಪ್ಪತ್ತೈದು ನಿಮಿಷ ದೂರ. ಚಳಿಗೆ ಕೆಂದ ಕರಡಿಯಂತೆ ಕೂದಲು ಬಿಟ್ಟಿದ್ದಾನೆ, ತಲೆ ತೂಗುವುದನ್ನು ಬಿಟ್ಟಿದ್ದಾನೆ. ಮರ ಕಚ್ಚುವುದು ಮಾತ್ರ ಪೂರ್ತಿ ಹೋಗಿಲ್ಲ.

ಸಹಿ ಮಾಡುವ ಮುನ್ನ

ಬಿಡುವ ಸೂಚನೆ ಎಷ್ಟು ವಾರ ಮುಂಚೆ, ಬಾಡಿಗೆ ಏರಿಸುವುದು ಹೇಗೆ, ತುರ್ತು ಚಿಕಿತ್ಸೆಗೆ ನಿಮ್ಮ ಒಪ್ಪಿಗೆ ಎಷ್ಟು ಮೊತ್ತದವರೆಗೆ, ಇವಿಷ್ಟನ್ನೂ ಕಾಗದದ ಮೇಲೆ ಪಡೆಯಿರಿ. ಯಾರಿಗೆ ದುಡ್ಡು ಕೊಟ್ಟರೂ 2006ರ ಪ್ರಾಣಿ ಕ್ಷೇಮ ಕಾಯ್ದೆಯಂತೆ ಮಾಲೀಕರ ಹೊಣೆ ಹೋಗುವುದಿಲ್ಲ. ಮೂರನೆಯವರಿಗಾಗುವ ಹಾನಿಗೆ ವಿಮೆ ಇಲ್ಲದೆ ಒಂದು ದಿನವೂ ಇಡಬೇಡಿ. 2003ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಮಿರ್‌ವಾಹೆದಿ ಪ್ರಕರಣದಲ್ಲಿ ಏನಕ್ಕೋ ಬೆದರಿ ಬೇಲಿ ಮುರಿದು ಹೆದ್ದಾರಿಗೆ ಓಡಿದ ಕುದುರೆ ಕಾರಿಗೆ ಬಡಿದಿತ್ತು. ಸಾಕಿದವರ ಕಡೆ ನಿರ್ಲಕ್ಷ್ಯವಿರಲಿಲ್ಲ. ಆದರೂ ಪರಿಹಾರದ ಹೊಣೆ ಅವರ ಮೇಲೆಯೇ ಬಿತ್ತು.

ಲಾಯದ ಗೇಟಿನಾಚೆಯ ರಸ್ತೆಯನ್ನೂ ನೋಡಿ. 2022ರ ಜನವರಿ 29ರಿಂದ ಬದಲಾದ ರಸ್ತೆ ನಿಯಮಾವಳಿ ಕುದುರೆಯನ್ನು ದಾಟುವ ವಾಹನ ಗಂಟೆಗೆ 10 ಮೈಲಿ ಮೀರಬಾರದು, ಕನಿಷ್ಠ 2 ಮೀಟರ್ ಅಂತರವಿರಬೇಕು ಎನ್ನುತ್ತದೆ. ಎಲ್ಲ ಚಾಲಕರೂ ಅದನ್ನು ಓದಿಲ್ಲ. ಮೊದಲ ಸಲ ಹೊರಗೆ ಹೊರಡುವ ಕುದುರೆಗೆ ಗೇಟಿನಿಂದಲೇ ಕುದುರೆ ದಾರಿಯೊಂದು ಶುರುವಾದರೆ ಅದೇ ಭಾಗ್ಯ.

ಮತ್ತೆ, ಈ ಲಾಯ ಜೀವನಪೂರ್ತಿ ಇರಬೇಕೆಂದು ಆರಿಸಬೇಡಿ, ಮುಂದಿನ ಒಂದೂವರೆ ವರ್ಷಕ್ಕೆ ಆರಿಸಿ. ಕೆಂದನಿಗೆ ಮೇ ತಿಂಗಳಲ್ಲಿ ನಾಲ್ಕು ತುಂಬುತ್ತದೆ. ಆಮೇಲೆ ಎಂಟು ವಾರ ತರಬೇತುದಾರರ ಲಾಯಕ್ಕೆ ಹೋಗುತ್ತಾನೆ, ಬಂದ ಮೇಲೆ ಮತ್ತೆ ಬೇಸಿಗೆಯಿಡೀ ಹಿಂಡಿನಲ್ಲಿ ಬಿಡುತ್ತೇವೆ. ಆ ಎಂಟು ವಾರ ಅರ್ಧ ಬಾಡಿಗೆ ಕೊಟ್ಟರೆ ಅವನ ಜಾಗವನ್ನು ಬೇರೆಯವರಿಗೆ ಕೊಡುವುದಿಲ್ಲ ಎಂದು ಮಾಲಕಿ ಒಪ್ಪಿದ್ದಾರೆ. ಬಾಯಿಮಾತಿಗೆ ಬಿಡದೆ ಕರಾರಿನ ಕೊನೆಯಲ್ಲಿ ಒಂದು ಸಾಲಾಗಿ ಬರೆಸಿಕೊಂಡಿದ್ದೇವೆ.